ಶಾಲೆಯ ದುಡ್ಡು ಶಾಲಿಗೆ

ಹೆಂಡತಿಯಾದವಳು ಗಂಡನ ಹತ್ತಿರ ಸೀರೆ ಕೇಳಬಹುದು, ಬಳೆ ಕೇಳಬಹುದು, ಊರಿಗೆ ಹೋಗಿಬರಲು ವಿಮಾನದ ಟಿಕೆಟ್ ಕೇಳಬಹುದು. ನಾನು ಕೇಳಿದ್ದು ಬಿಳಿ ಬೋರ್ಡಿನ ಮೇಲೆ ಬರೆಯುವ ಎರಡು ಮಾರ್ಕರ್ ಪೆನ್ನು. ಅದಕ್ಕೆ ನನ್ನ ಗಂಡ ಗುರುದತ್, ನಾನೇ ಹುಯ್ದ ದೋಸೆಯನ್ನು ನಾನೇ ಅರೆದ ಚಟ್ನಿಗೆ ಅದ್ದುತ್ತ ಹೀಗೆಂದರು:

"ಹೀಗೆ ಬಾಯಲ್ಲಿ ಕೇಳಿದ್ರೆ ಆಗಲ್ಲ ವಾರಿಜಾ. ಸಮಿತಿಗೊಂದು ಇಮೇಲ್ ಹಾಕು."

"ಸಮಿತಿಯ ಇಮೇಲ್ ನೋಡುವವರು ಯಾರು?"

"ನಾನೇ."

"ಹಾಗಾದ್ರೆ ಈಗ ಹೇಳ್ತಾ ಇದ್ದೇನಲ್ಲ ಮಾರಾಯ್ರೆ. ಕಿವಿ ಉಂಟಲ್ಲ ನಿಮಗೆ?"

"ಈಗ ನಾನು ನಿನ್ನ ಗಂಡ ಕಣೇ. ಇಮೇಲ್ ನೋಡುವಾಗ ಆಡಳಿತ ಸಂಚಾಲಕ. ಎರಡನ್ನೂ ಬೆರೆಸ್ಬಾರ್ದು."

ಮೈಸೂರಿನವರು ಮೆತ್ತಗೆ ಮಾತಾಡುತ್ತಾರೆ ಎಂದು ಮದುವೆಗೆ ಮೊದಲು ಉಡುಪಿಯಲ್ಲಿ ಎಲ್ಲರೂ ನನಗೆ ಹೇಳಿದ್ದರು. ಮೆತ್ತಗೆ ಮಾತಾಡಿಯೇ ಮನುಷ್ಯನ ತಲೆ ಕೆಡಿಸಬಹುದು ಎಂದು ಯಾರೂ ಹೇಳಿರಲಿಲ್ಲ.

ಮಲೇಷ್ಯಾದ ಸೈಬರ್‌ಜಯಾದ ಮಗ್ಗುಲಲ್ಲಿ ಈಚೆಗೆ ಎದ್ದ ಬಡಾವಣೆ ನಮ್ಮದು. ನಾವು ಬಂದ ಹೊಸತರಲ್ಲಿ ಕಿಟಕಿ ತೆರೆದರೆ ಎಣ್ಣೆತಾಳೆಯ ತೋಟ ಕಾಣುತ್ತಿತ್ತು. ಈಗ ಇನ್ನೊಬ್ಬರ ಕಿಟಕಿ ಕಾಣುತ್ತದೆ, ಆ ಕಿಟಕಿಯಲ್ಲಿ ಒಣಹಾಕಿದ ಮೈಸೂರು ಸ್ಯಾಂಡಲ್ ಬಣ್ಣದ ಟವೆಲೂ ಕಾಣುತ್ತದೆ. ಕಂಪ್ಯೂಟರ್ ಕಂಪನಿಗಳಿಗೆ ಬಂದ ಕನ್ನಡದ ಸಂಸಾರಗಳು ಅಷ್ಟು ಹೆಚ್ಚಿವೆ. ಇವರ ಮಕ್ಕಳಿಗಾಗಿ ಶನಿವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ (ಇಲ್ಲಿ ಕಾಂಡೋ ಎನ್ನುತ್ತಾರೆ) ಸಭಾಂಗಣದಲ್ಲಿ ಒಂದು ಕನ್ನಡ ಶಾಲೆ ನಡೆಯುತ್ತದೆ. ಶಾಲೆಗೆ ನಾನೊಬ್ಬಳೇ ಟೀಚರು. (ಸಂಬಳವಿಲ್ಲ. "ಸೇವೆಗೆ ಬೆಲೆ ಕಟ್ಟಲಾಗದು" ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ಕಟ್ಟಲು ಯಾರೂ ಪ್ರಯತ್ನಿಸಿದ್ದನ್ನು ನಾನು ಕಂಡಿಲ್ಲ.)

ಬಡಾವಣೆ ಬೆಳೆದಂತೆ ಮಕ್ಕಳೂ ಬೆಳೆಯಬೇಕಷ್ಟೆ. ಬೆಳೆದರು. ಆದರೆ ಅವರಿಗಿಂತ ಜೋರಾಗಿ ಬೆಳೆದದ್ದು ಸಮಿತಿ. ಹೊಸದಾಗಿ ಬಂದ ಪ್ರತಿ ಸಂಸಾರದಲ್ಲೂ ಅಕ್ಷರ ಬಾರದ ಒಂದು ಮಗುವೂ ಪದವಿ ಸಿಗದ ಒಬ್ಬ ಅಪ್ಪನೂ ಇರುತ್ತಿದ್ದರು. ಮಗು ನನ್ನ ಪಾಲಿಗೆ, ಅಪ್ಪ ಸಮಿತಿಯ ಪಾಲಿಗೆ. ಹೀಗೆ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಡಿಜಿಟಲ್ ಮುಖ್ಯಸ್ಥರು, ಕೊನೆಗೆ ದೂರದ ಮಾಂಟ್ ಕಿಯಾರಾದಲ್ಲಿ ವಾಸವಾಗಿರುವ, ಶಾಲೆಯನ್ನು ಇನ್ನೂ ನೋಡಿರದ ಒಬ್ಬ ಪಠ್ಯ ಸಲಹೆಗಾರರೂ ಹುಟ್ಟಿಕೊಂಡರು. ಸಮಿತಿಗೆ ಮಿತಿಯೇ ಇರಲಿಲ್ಲ. ಉಪಾಧ್ಯಕ್ಷರಿಗೊಂದು ಉಪಸಮಿತಿ, ಉಪಸಮಿತಿಗೊಂದು ಉಪಾಹಾರ, ಉಪಾಹಾರ ಮುಗಿದ ಮೇಲೆ ಪಾತ್ರೆ ತೊಳೆಯುವ ಉಪದ್ರವ ನನಗೆ.

ಅಧ್ಯಕ್ಷರು ವಿಠಲ ಸರ್. ಹುಬ್ಬಳ್ಳಿಯವರು, ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕೆಲಸ. ಒಳ್ಳೆಯ ಮನುಷ್ಯ, ಆದರೆ ಲೋಕವನ್ನೆಲ್ಲ ಹಡಗಿನ ಮೇಲೆ ನಿಂತೇ ನೋಡುತ್ತಾರೆ. ಇಷ್ಟು ಮಕ್ಕಳಿಗೆ ಇಷ್ಟೆಲ್ಲ ಪದಾಧಿಕಾರಿಗಳು ಬೇಕೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಸರಕು ಕಡಿಮಿ ಐತಿ ಅಂತ ಹಡಗಕ್ಕ ಕ್ಯಾಪ್ಟನ್ ಬ್ಯಾಡ ಅನ್ನಾಕ ಬರ್ತದೇನ್ರಿ ಮೇಡಂ?" ಎಂದರು.

"ನಮ್ಮದು ದೋಣಿ ಸರ್. ಹುಟ್ಟು ಹಾಕುವವಳು ನಾನೊಬ್ಬಳು. ಉಳಿದವರೆಲ್ಲ ಕ್ಯಾಪ್ಟನ್ನರೇ."

ಅವರು ಗಟ್ಟಿಯಾಗಿ ನಕ್ಕು, ನನ್ನ ಮಾತನ್ನು ವಾರ್ಷಿಕೋತ್ಸವದ ಭಾಷಣದಲ್ಲಿ ಬಳಸಿಕೊಂಡರು.

ಆ ವಾರ್ಷಿಕೋತ್ಸವದ ಬಗ್ಗೆ ಹೇಳಲೇಬೇಕು. ಅಧ್ಯಕ್ಷರಿಗೆ ಉಪಾಧ್ಯಕ್ಷರು ಶಾಲು ಹೊದಿಸಿದರು. ಉಪಾಧ್ಯಕ್ಷರಿಗೆ ಕಾರ್ಯದರ್ಶಿ ಹೊದಿಸಿದರು. ಕಾರ್ಯದರ್ಶಿಗೆ ಅಧ್ಯಕ್ಷರು ಹೊದಿಸಿ ಲೆಕ್ಕ ಚುಕ್ತಾ ಮಾಡಿದರು. ಮಲೇಷ್ಯಾದ ಸೆಕೆ ನಿಮಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ಶಾಲು ಹೊದೆಯುವುದೆಂದರೆ ಬೇಯಲು ಮುಚ್ಚಳ ಹಾಕಿಕೊಂಡ ಹಾಗೆ. ಆದರೂ ಯಾರೂ ಊಟ ಮುಗಿಯುವವರೆಗೆ ತೆಗೆಯಲಿಲ್ಲ. ನಾನು ವೇದಿಕೆಯ ಮೇಲಿದ್ದೆ. ಶಾಲು ಜೋಡಿಸಿಟ್ಟ ತಟ್ಟೆ ಹಿಡಿದುಕೊಂಡು. ಮರುದಿನ ಮಕ್ಕಳಿಗೆ ಹೊಸ ಕಥೆಪುಸ್ತಕ ಎಲ್ಲಿ ಎಂದು ಕೇಳಿದರೆ, "ಈ ಸಲದ ಪುಸ್ತಕದ ದುಡ್ಡು ಸನ್ಮಾನಕ್ಕೆ ಹೊಂದಾಣಿಕೆ ಆಗಿದೆ" ಎಂದರು ನಮ್ಮ ಆಡಳಿತ ಸಂಚಾಲಕರು, ತಮಗೂ ಹೊದಿಸಿದ್ದ ಹೊಂದಾಣಿಕೆಯನ್ನು ಮಡಚಿಡುತ್ತ. ಶಾಲೆಗೆಂದು ಕೊಟ್ಟ ದುಡ್ಡು ಶಾಲಿಗೆ ಹೋಗಿತ್ತು. ವ್ಯತ್ಯಾಸ ಒಂದು ಸ್ವರದ್ದು ಮಾತ್ರ ಎಂದು ನಾನು ಹೊಟ್ಟೆಗೆ ಹಾಕಿಕೊಂಡೆ.

ಹಾಕಿಕೊಳ್ಳಲಾಗದೆ ಹೋದದ್ದು ಆಡಳಿತದ ಖರ್ಚಿಗೆಂದು ಶಾಲೆಯ ಶುಲ್ಕ ಏರಿಸುತ್ತಾರೆಂದು ತಿಳಿದ ದಿನ. ಲಿಫ್ಟಿನಲ್ಲಿ ಗುಲಾಬಿ ಸಿಕ್ಕಳು. ಕಾರ್ಕಳದ ಕಡೆಯವಳು; ಇಬ್ಬರು ಗಂಡುಮಕ್ಕಳು; ಗಂಡನ ಕೆಲಸ ಗುತ್ತಿಗೆಯದು, ಈಗ ಉಂಟು, ಮುಂದೆ ಗೊತ್ತಿಲ್ಲ ಎಂಬಂಥದ್ದು.

"ಟೀಚರ್, ಮನೀಷನನ್ನು ಬಿಡಿಸ್ತೇನೆ," ಎಂದಳು ನೆಲ ನೋಡುತ್ತ. "ಸಣ್ಣವ ಬರ್ಲಿ. ಇಬ್ಬರಿಗೂ ಕಟ್ಲಿಕ್ಕೆ ಈಗ ಕಷ್ಟ."

ಮನೀಷ ಆ ವಾರವಷ್ಟೇ 'ಳ' ಬರೆಯಲು ಕಲಿತಿದ್ದ. 'ಳ' ಬರೆಯುವಾಗ ಅವನ ನಾಲಗೆಯೂ ಹೊರಗೆ ಬಂದು ಅದೇ ಆಕಾರದಲ್ಲಿ ಸುತ್ತುತ್ತಿತ್ತು. ಅಷ್ಟು ಕಷ್ಟಪಟ್ಟು ಬರೆದ ಹುಡುಗನನ್ನು ಜಂಟಿ ಕಾರ್ಯದರ್ಶಿಯ ವಿಸಿಟಿಂಗ್ ಕಾರ್ಡಿಗಾಗಿ ಮನೆಗೆ ಕಳಿಸಬೇಕೇ? ನಾನು ಲಿಫ್ಟಿನಿಂದ ಇಳಿದದ್ದು ಹೆಂಗಸಾಗಿಯಲ್ಲ, ವಿರೋಧಪಕ್ಷವಾಗಿ.

ಭಾನುವಾರ ಸರ್ವಸದಸ್ಯರ ಸಭೆ. ಹೊರಡುವ ಮೊದಲು ಗಂಡ ಕನ್ನಡಿಯ ಮುಂದೆ ತಲೆ ಬಾಚುತ್ತ ಎಚ್ಚರಿಸಿದರು. "ಸಭೇಲಿ ನೀನು ಎದ್ದು ನಿಲ್ಬೇಡ. ಗಂಡ ಹೆಂಡ್ತಿ ಜಗಳ ಅಂದ್ಕೋತಾರೆ."

"ಜಗಳವೇ ಅಲ್ವಾ ಅದು?"

"ಮನೇಲಿ ಆಡು, ಯಾರು ಬೇಡ ಅಂದ್ರು."

"ಮನೆಯಲ್ಲಿ ಆಡಿದ್ರೆ ಇಮೇಲ್ ಹಾಕು ಅಂತೀರಿ."

ಸಭಾಂಗಣ ತುಂಬಿತ್ತು. ಗಂಡ ಪರದೆಯ ಮೇಲೆ ಖರ್ಚಿನ ಬಣ್ಣಬಣ್ಣದ ವೃತ್ತವೊಂದನ್ನು ಮೂಡಿಸಿದರು. ಅದರಲ್ಲಿ ಆಡಳಿತದ ಪಾಲು ದೊಡ್ಡ ಹೋಳಿಗೆಯಷ್ಟಿತ್ತು. ಪುಸ್ತಕದ ಪಾಲು ಆ ಹೋಳಿಗೆಯಿಂದ ಇರುವೆ ಕಚ್ಚಿಕೊಂಡು ಹೋದಷ್ಟು. "ಬೆಳೆಯುತ್ತಿರುವ ಬಡಾವಣೆ, ಬೆಳೆಯುತ್ತಿರುವ ಹೊಣೆ," ಎಂದು ಅವರು ಶುರುಮಾಡುವಷ್ಟರಲ್ಲಿ ನಾನು ಎದ್ದು ನಿಂತೆ.

"ಆಡಳಿತ ಸಂಚಾಲಕರೇ," ಎಂದೆ. (ಸಾರ್ವಜನಿಕವಾಗಿ 'ರೀ' ಎನ್ನಲಾಗುತ್ತದೆಯೇ?) "ಕಲಿಯುವವರು ಮಕ್ಕಳು, ಕಲಿಸುವವಳು ನಾನು. ನಡುವಿನಲ್ಲಿ ನೀವೆಲ್ಲ ಎಂತ ಮಾಡ್ತಾ ಇದ್ದೀರಿ?"

"ಮೇಲ್ವಿಚಾರಣೆ," ಎಂದರು ಗಂಡ.

"ಯಾರದ್ದು?"

"ಒಟ್ಟಾರೆ."

ಹಿಂದಿನ ಸಾಲಿನಲ್ಲಿ ತಾಯಂದಿರು ಕಿಸಕ್ಕೆಂದು ನಕ್ಕರು. ನನಗೆ ಅಷ್ಟು ಸಾಕಿತ್ತು. ಕುರ್ಚಿ ಹೆಚ್ಚಿದಂತೆ ಖರ್ಚು ಹೆಚ್ಚುವುದನ್ನು ವಿವರಿಸಿದೆ. ಶಾಲಿನ ವಿಷಯ ತೆಗೆದೆ. ಮಾಂಟ್ ಕಿಯಾರಾದ ಸಲಹೆಗಾರರು ಈವರೆಗೆ ಕೊಟ್ಟ ಸಲಹೆ ಯಾವುದೆಂದು ಕೇಳಿದೆ, ಯಾರಿಗೂ ನೆನಪಾಗಲಿಲ್ಲ. ಕೊನೆಗೆ ದನಿ ಏರಿಸಿ, "ಆಡಳಿತಕ್ಕೆ ಒಂದು ಕಾಸೂ ಬೇಡ. ಸಮಿತಿಯೇ ಬೇಡ. ಶಾಲೆ ಅಂದರೆ ಮಕ್ಕಳು, ಟೀಚರು, ನಾಲ್ಕು ಗೋಡೆ. ಇದಕ್ಕಿಂತ ಹೆಚ್ಚಿನದೆಲ್ಲ ದುಂದು," ಎಂದು ಕುಳಿತೆ.

ಚಪ್ಪಾಳೆ ಬಿತ್ತು. ಇನ್ನು ವಿಠಲ ಸರ್ ಹಡಗು ಹತ್ತಿ ಉತ್ತರ ಕೊಡುತ್ತಾರೆ, ಯುದ್ಧ ಮಾಡಬೇಕಾಗುತ್ತದೆ ಎಂದು ಸೆರಗು ಸಿಕ್ಕಿಸಿಕೊಂಡೆ. ಅವರು ಎದ್ದರು. ನನ್ನನ್ನು ನೋಡಿದರು. "ಮೇಡಂ ಹೇಳೂದು ಖರೇ ಐತ್ರಿ," ಎಂದರು. "ನನಗೂ ಇದು ಭಾಳ ಭಾರ ಆಗಿತ್ತು. ನಾ ರಾಜೀನಾಮೆ ಕೊಟ್ಟೆ."

ಅವರ ಹಿಂದೆ ಉಪಾಧ್ಯಕ್ಷರು ಕೊಟ್ಟರು. ಕಾರ್ಯದರ್ಶಿಗಳಿಬ್ಬರೂ ಕೊಟ್ಟರು. ನನ್ನ ಗಂಡನೂ ಕೊಟ್ಟರು. ಜೋರಾಗಿ ತಳ್ಳುತ್ತಿದ್ದ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟನೆ ತೆರೆದರೆ ಮುಗ್ಗರಿಸುವುದಿಲ್ಲವೇ, ನನ್ನ ಸ್ಥಿತಿ ಹಾಗಾಯಿತು. ಆದರೂ ಗೆದ್ದೆನಲ್ಲ ಎಂದು ಗುಲಾಬಿಯ ಕಡೆ ನೋಡಿ ನಕ್ಕೆ.

ಆಗ ಗಂಡ ಪರದೆಯತ್ತ ತಿರುಗಿದರು. "ಆಡಳಿತ ವೆಚ್ಚ ಪೂರ್ತಿ ತೆಗೀಬೇಕು ಅಂದ್ರೆ, ಅದ್ರಲ್ಲಿ ದೊಡ್ಡದು ಈ ಸಭಾಂಗಣದ ಬಾಡಿಗೆ. ಇದನ್ನೂ ತೆಗೀಬೇಕಾಗುತ್ತೆ."

ಬಾಡಿಗೆಯನ್ನು ಆಡಳಿತದ ಹೋಳಿಗೆಯೊಳಗೆ ಹೂರಣ ಮಾಡಿ ಇಟ್ಟದ್ದು ನನಗೆ ತಿಳಿದಿರಲಿಲ್ಲ. ಮೊದಲು ಮಾತಾಡಿದವಳು ಗುಲಾಬಿ. ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡು, ಉಪಕಾರ ತೀರಿಸುವ ಉತ್ಸಾಹದಲ್ಲಿ ಎದ್ದು ನಿಂತಿದ್ದಳು.

"ಟೀಚರ್ ಹೇಳಿದ ನಾಲ್ಕು ಗೋಡೆ ಅವರ ಮನೆಯಲ್ಲೇ ಉಂಟಲ್ಲ. ಹಾಲ್ ಕೂಡ ದೊಡ್ಡದುಂಟು. ಟೀಚರಿಗೆ ಮಕ್ಕಳೆಂದರೆ ಜೀವ. ಬೇಡ ಅಂತ ಹೇಳ್ಲಿಕ್ಕಿಲ್ಲ."

ಎಲ್ಲರೂ ನನ್ನತ್ತ ತಿರುಗಿದರು. ಬೇಡ ಎಂದರೆ ಮಕ್ಕಳೆಂದರೆ ಜೀವವಿಲ್ಲ ಎಂದಾಗುತ್ತದೆ. ನಾನು ಬಾಯಿ ತೆರೆಯುವುದರೊಳಗೆ ಒಪ್ಪಿಗೆಯ ಮೊದಲ ಕೈ ಮೇಲೆದ್ದಿತ್ತು. ಅದು ನನ್ನ ಗಂಡನ ಕೈ.

ಮನೆಗೆ ಬಂದವಳೇ ಕೇಳಿದೆ. "ನಿಮಗೆ ಕೈ ಎತ್ತಲಿಕ್ಕೆ ಹೇಳಿದ್ದು ಯಾರು?"

"ಮದುವೆಯಾದ ಮೇಲೆ ಮೊದಲನೇ ಸಲ ನಾಲ್ಕು ಜನರ ಮುಂದೆ ನಿನ್ನ ಮಾತಿಗೆ ಒಪ್ಪಿದೀನಿ. ಅದಕ್ಕೂ ಬೈತೀಯಲ್ಲ," ಎಂದರು. ನಿಜವಾಗಿಯೂ ನೊಂದಿದ್ದರು.

ಶನಿವಾರ ಮಕ್ಕಳು ಬಂದರು. ಚಪ್ಪಲಿಗಳ ರಾಶಿ ಬಾಗಿಲಿನಿಂದ ಲಿಫ್ಟಿನವರೆಗೆ ಹಬ್ಬಿತು. ಸೆಕ್ಯೂರಿಟಿಯವನು ಏನಾದರೂ ಅನಾಹುತವೇ ಎಂದು ನೋಡಿಹೋದ. ಅದಕ್ಕೆ ನಾನು ಸಿದ್ಧಳಾಗಿದ್ದೆ. ಆದರೆ ಮಕ್ಕಳ ಹಿಂದೆ ಅಪ್ಪಂದಿರೂ ಬಂದರು. ಮೊದಲಾದರೆ ಮಕ್ಕಳನ್ನು ಇಳಿಸಿ ಎದುರಿನ ಮಾಮಕ್ ಚಹಾದಂಗಡಿಗೆ ಹೋಗಿ ನೊರೆಯೆಬ್ಬಿಸಿದ ತೇ ತಾರಿಕ್ ಚಹಾ ಕುಡಿಯುತ್ತ ಆಡಳಿತ ನಡೆಸುತ್ತಿದ್ದವರು, ಈಗ ನಮ್ಮ ಸೋಫಾದ ಮೇಲೆ ಕುಳಿತರು.

"ಹೊರಗ ಬಿಸಲು ಭಾಳ ಐತ್ರಿ ಮೇಡಂ," ಎಂದರು ವಿಠಲ ಸರ್, ಫ್ಯಾನಿನ ಕೆಳಗಿನ ಜಾಗ ಹಿಡಿದು. "ನೀವು ನಿಮ್ಮ ಪಾಠ ನಡಸ್ರಿ. ನಾವೇನ್ ಗದ್ಲ ಮಾಡೂದಿಲ್ಲ."

ದೊಡ್ಡ ಹಾಲು ಮಾಜಿ ಪದಾಧಿಕಾರಿಗಳಿಂದ ತುಂಬಿದ್ದರಿಂದ ಮಕ್ಕಳನ್ನು ಮಗಳು ದೀಕ್ಷಿತಾಳ ಕೋಣೆಗೆ ಸಾಗಿಸಿದೆ. ಅವಳು ಹಾಸಿಗೆಯ ಮೇಲೆ ದಿಂಬು ಅಪ್ಪಿ ಕುಳಿತು, "ಅಮ್ಮಾ, ದಿಸ್ ಈಸ್ ಮೈ ರೂಮ್ ಲಾ. ನೋಬಡಿ ಆಸ್ಕ್ಡ್ ಮಿ," ಎಂದಳು.

"ನನ್ನನ್ನೂ ಯಾರೂ ಕೇಳಿಲ್ಲ ಮಗಾ. ಸ್ವಲ್ಪ ಸರಿದು ಕೂತ್ಕೋ."

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಪಾಠ ಹಿಂದೆಂದಿಗಿಂತ ಚೆನ್ನಾಗಿ ಆಯಿತು. ಸಭಾಂಗಣದಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಸುಮ್ಮನೆ ನೋಡುತ್ತಿದ್ದ ಮಕ್ಕಳು ಇಲ್ಲಿ ಕಪಾಟು ತೆರೆದು 'ಕಪಾಟು' ಎಂದರು, ಹೊದಿಕೆ ಎಳೆದಾಡಿ 'ಹೊದಿಕೆ' ಎಂದರು, ದಿಂಬಿನಿಂದ ಹೊಡೆದುಕೊಂಡು 'ಹೊಡಿಬೇಡ' ಎಂದರು. ಮನೀಷ ಕಿಟಕಿಯ ಬಳಿ ನಿಂತು, "ಟೀಚರ್, ಮಳೆ," ಎಂದ. ಹೊರಗೆ ನಿಜಕ್ಕೂ ಮಳೆ ಶುರುವಾಗಿತ್ತು. ಅವನ 'ಳ' ಎಷ್ಟು ದುಂಡಗೆ ಬಂತೆಂದರೆ ನನಗೆ ನನ್ನ ಸಿಟ್ಟೆಲ್ಲ ಮರೆತುಹೋಯಿತು.

ಆ ಹೊತ್ತಿಗೆ ಗಂಡ ಬಾಗಿಲು ಅರ್ಧ ತೆರೆದು ಇಣುಕಿದರು. "ವಾರಿಜಾ, ಎಲ್ರಿಗೂ ಸ್ವಲ್ಪ ಕಾಫಿ. ವಿಠಲ ಸರ್‌ಗೆ ಸಕ್ಕರೆ ಬೇಡ."

"ನೀವೇ ಮಾಡಿ. ನಾನು ಪಾಠದಲ್ಲಿದ್ದೇನೆ."

"ನಾನು ಮಾಡಿದ್ದನ್ನ ಕುಡಿದು ನೋಡಿದ್ರು. ಅದಕ್ಕೇ ನಿನ್ನನ್ನ ಕೇಳಿ ಅಂದ್ರು."

ಹೀಗೆ ವಾರಗಳು ಕಳೆದವು. ಮಕ್ಕಳಿಗೆ ಒತ್ತಕ್ಷರ ಕೊಟ್ಟು ಅಡುಗೆಮನೆಗೆ, ಹಾಲು ಉಕ್ಕುವ ಮೊದಲು ಒತ್ತಕ್ಷರಕ್ಕೆ ಓಡಾಡಿದೆ. ಊರಿನಿಂದ ತಂದ ಕಾಫಿಪುಡಿ ಮುಗಿಯಿತು. ಅತ್ತೆ ಕಳಿಸಿದ ಕೋಡುಬಳೆ ಮುಗಿಯಿತು. ಸೋಫಾದ ಮೇಲೆ ಸಮಿತಿಯಿಲ್ಲದ ಸಮಿತಿ ಮೊದಲಿಗಿಂತ ಹುರುಪಿನಿಂದ ನಡೆಯುತ್ತಿತ್ತು. ಶುಲ್ಕ ಇಳಿದ ಸುದ್ದಿಯೂ ಮಕ್ಕಳು ಕನ್ನಡ ಮಾತಾಡುತ್ತಿರುವ ಸುದ್ದಿಯೂ ಹೊರಗೆ ಹಬ್ಬಿತು. ಒಂದು ಶನಿವಾರ ಎಲ್ಲರೂ ಹೊರಟುಹೋದ ಮೇಲೆ ಗಂಡ ಲೋಟಗಳನ್ನು ಸಿಂಕಿಗೆ ತಂದಿಟ್ಟು, ನನ್ನ ಬೆನ್ನಿಗೆ ಹೇಳಿದರು.

"ಪಕ್ಕದ ಪುತ್ರಜಯಾದಿಂದ್ಲೂ ಕೆಲವರು ಬರ್ತಾರಂತೆ. ಅವರಿಗೆ ಭಾನುವಾರ ಇಟ್ಕೊಂಡಿದೀವಿ. ಹೇಗೂ ಬಾಡಿಗೆ ಇಲ್ವಲ್ಲ."

"ಇಟ್ಕೊಂಡಿದೀವಿ ಅಂದ್ರೆ ಯಾರು?"

"ಯಾರೂ ಇಲ್ಲ. ಕಾಫಿ ಕುಡೀತಾ ಹಾಗೇ ಮಾತು ಬಂತು."

"ನಾನು ಒಪ್ಪುವುದಿಲ್ಲ. ನನಗೊಂದು ಭಾನುವಾರವಾದ್ರೂ ಬೇಡ್ವಾ?"

ಗಂಡ ಯೋಚಿಸಿದರು. ನನ್ನ ಪರವಾಗಿಯೇ ಯೋಚಿಸಿದರು ಎಂದು ಕಾಣುತ್ತದೆ. "ಸಮಿತಿ ಇದ್ದಿದ್ರೆ ಆಕ್ಷೇಪಣೆ ಸಲ್ಲಿಸ್ಬಹುದಿತ್ತು," ಎಂದರು ಬೇಸರದಿಂದ. "ಈಗ ನಾನಾದ್ರೂ ಯಾರಿಗೆ ಅಂತ ಹೇಳ್ಲಿ?"

ಮರುದಿನ ಬೆಳಿಗ್ಗೆ ಕರೆಗಂಟೆ ಮೊಳಗಿತು. ಕೂದಲಿಗೆ ಎಣ್ಣೆ ಹಚ್ಚಿ, ಹಳೇ ನೈಟಿಯಲ್ಲಿ ಬಾಗಿಲು ತೆರೆದೆ. ಪುತ್ರಜಯಾದವರು. ಗಂಡ, ಹೆಂಡತಿ, ಎರಡು ಜಡೆಯ ಒಂದು ಹುಡುಗಿ. ಗಂಡನಾದವರು ವಿನಯದಿಂದ ಚಪ್ಪಲಿ ಬಿಟ್ಟು, ನನ್ನ ಭುಜದ ಮೇಲಿಂದ ಒಳಗೆ ಹಣಕಿದರು.

"ಕನ್ನಡ ಟೀಚರ್ ಒಳಗಿದಾರಾ?" ಎಂದು ಕೇಳಿ, ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಗುರುತು ಸಿಕ್ಕವರಂತೆ ನಕ್ಕರು. "ನೀವು ಕಾಫಿ ಮಾಡೋ ಮೇಡಂ ಅಲ್ವಾ? ನಿಮ್ಮ ಬಗ್ಗೆ ವಿಠಲ ಸರ್ ತುಂಬಾ ಹೇಳಿದಾರೆ."

ನಾನು ಅವರನ್ನು ಸೋಫಾದಲ್ಲಿ ಕೂರಿಸಿ ಹಾಲು ಕಾಯಿಸಲು ಹೋದೆ.