ಐಸ್ ರೂಮಿಗೆ ಇಳಿದ ಹಿಮದ ಬೈಕು

ನಾನು ಸುಮ್ಮನೆ ಕೂತರೂ ಯಂತ್ರಗಳೇ ಹುಡುಕಿಕೊಂಡು ಬಂದು ನನ್ನನ್ನು ಪೇಚಿಗೆ ಸಿಕ್ಕಿಸುತ್ತವೆ. ಶಾಲೆಗೆ ನಾನು ಹೋದದ್ದು ಒಂದೇ ಸಲ, ಅದರ ಬಾಗಿಲಿನ ಕೀಲು ರಿಪೇರಿಗೆ. ಆದರೂ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಒಂದು ಸಲ ಕೆಮ್ಮಿದರೆ ಕೆಟ್ಟು ನಿಂತ ಲಾರಿ ಸ್ಟಾರ್ಟ್ ಆಗುತ್ತಿತ್ತು. ಕೇಳಿದವರು ನಗುತ್ತಾರೆ. ನಗಲಿ, ಲಾರಿ ಯಾವತ್ತೂ ನಕ್ಕಿಲ್ಲ.

೧. ಹಿಮ ಬಲ್ಲವರು ಯಾರು?

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಾನಾಗ ಒಂದು ಐಸ್‌ಕ್ರೀಂ ಫ್ಯಾಕ್ಟರಿಯ ವರ್ಕ್‌ಶಾಪಿನಲ್ಲಿ ಮಿಸ್ತ್ರಿ. ನಮ್ಮ ಗುಜರಾತಿ ಮಾಲೀಕರು ಎಲ್ಲಿಂದಲೋ ಹಳೇದೊಂದು ಸ್ನೋಮೊಬೈಲ್ ತರಿಸಿದರು. ಮುಂದೆ ಎರಡು ಜಾರುಪಟ್ಟಿ, ಹಿಂದೆ ಬುಲ್ಡೋಜರಿಗೆ ಇರುವಂಥ ಅಗಲದ ಪಟ್ಟಾ, ಆದರೆ ರಬ್ಬರಿನದು. ಹಿಮದ ಮೇಲೆ ಓಡುವ ಬೈಕು ಅಂದುಕೊಳ್ಳಿ. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಒಂದು ಮಾಲ್ ಮುಂದೆ ಪುಡಿ ಐಸ್ ಹರಡಿ, ಅದರ ಮೇಲೆ ಇದನ್ನು ಓಡಿಸಿ, ಮಕ್ಕಳಿಗೆ ಹೊಸ ಐಸ್‌ಕ್ರೀಂ ಹಂಚಬೇಕು ಅಂತ ಅವರ ಆಸೆ. ಅದಕ್ಕೆ ಮುಂಚೆ ಗಾಡಿ ನಮ್ಮ ಐಸ್ ರೂಮಿನಲ್ಲಿ ನಿಂತು ಮೈತುಂಬ ಬೆಳ್ಳಗೆ ಹಿಮ ಹಿಡಿಸಿಕೊಂಡು ಬರಬೇಕಂತೆ.

ಮ್ಯಾನೇಜರ್ ನಮ್ಮ ಮೈಸೂರಿನ ಕಡೆಯವರು. ಎಲ್ಲರನ್ನೂ ಕರೆದು, "ಹಿಮದ ಗಾಡಿ ಗೊತ್ತಿರೋರು ಯಾರಿದ್ದೀರ?" ಅಂದರು.

"ನಾನಿದ್ದೀನಿ ಸಾರ್. ಕಿಲಿಮಂಜಾರೋ ತುದೀಲಿ ಜೀಪಿನ ಎಂಜಿನ್ ಬಿಚ್ಚಿ ಜೋಡಿಸಿದ್ದೀನಿ."

"ಅಲ್ಲಿಗೆ ಜೀಪ್ ಹತ್ತೋದೇ ಇಲ್ಲವಲ್ಲ, ತಾತ?"

"ಅದಕ್ಕೇ ಎಂಜಿನ್ನು ಹೆಗಲ ಮೇಲೆ ಹೊತ್ಕೊಂಡು ಹೋದೆ."

ಅವರು ನಗಲಿಲ್ಲ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ವಯಸ್ಸಾದವರನ್ನ ಮನೆಗೆ ಕಳಿಸೋ ಮಾತು ಎದ್ದಿದೆ ತಾತ. ಇದು ಓಡಿದರೆ ನಿಮ್ಮ ಪರವಾಗಿ ಮಾತಾಡೋಕೆ ನನಗೆ ಬಾಯಿ ಇರುತ್ತೆ. ಓಡದಿದ್ದರೆ ಸೌತ್ ಬಿ ಬಡಾವಣೇಲಿ ಮಗಳ ಮನೇಲಿ ಕೂತು ಟಿ.ವಿ. ನೋಡಬೇಕಾಗುತ್ತೆ."

ಆ ಟಿ.ವಿ. ನನಗೆ ಗೊತ್ತು. ಇಡೀ ದಿನ ಇಂಗ್ಲಿಷ್ ಕಾರ್ಟೂನ್. ಒಂದು ಗಳಿಗೆ ವಾರ್ತೆ ಹಾಕ್ರೋ ಅಂದರೆ ಮೊಮ್ಮಕ್ಕಳು "ಲೇಟರ್, ತಾತ" ಅನ್ನುತ್ತವೆ. ಆ ಲೇಟರ್ ಇವತ್ತಿನವರೆಗೂ ಬಂದಿಲ್ಲ.

೨. ಇಲಿ ನುಂಗಿದ ಹೋಸು

ಎಂಜಿನ್ ಕಾಯದಿರಲಿ ಅಂತ ಹೋಸು ಅನ್ನುವ ರಬ್ಬರ್ ಕೊಳವೆಗಳಲ್ಲಿ ತಂಪು ಮಾಡುವ ಕೂಲೆಂಟ್ ಓಡುತ್ತಿರಬೇಕು. ಬೆಚ್ಚಗಿನ ನೈರೋಬಿಯಲ್ಲಿ ಅದನ್ನು ಕೇಳುವವರು ಯಾರು? ಲಾರಿಯಿರಲಿ, ಜನ ತುಂಬಿಕೊಂಡು ಓಡುವ ಮಟಾಟು ವ್ಯಾನಿರಲಿ, ನಾವು ಸುರಿಯುತ್ತಿದ್ದದ್ದು ನಲ್ಲಿ ನೀರು. ಇದಕ್ಕೂ ಅದನ್ನೇ ತುಂಬಿಸಿ ಐಸ್ ರೂಮಿನಲ್ಲಿ ನಿಲ್ಲಿಸಿ ಬಂದೆ. ಬೆಳಿಗ್ಗೆ ನೋಡಿದರೆ ಹೋಸು ಇಲಿ ನುಂಗಿದ ಹಾವಿನ ಹಾಗೆ ಉಬ್ಬಿ, ಉದ್ದಕ್ಕೂ ಸೀಳಿಕೊಂಡಿತ್ತು.

ನನ್ನ ಜೊತೆಯ ಮೆಕ್ಯಾನಿಕ್ ನೈರೋಬಿಯವನೇ. ನನ್ನನ್ನು ಮರ್ಯಾದೆಯಿಂದ "ಮ್ಜೇ" ಅಂತ ಕರೆಯುತ್ತಿದ್ದ, ನಮ್ಮ ಕಡೆ ಯಜಮಾನರೇ ಅಂದ ಹಾಗೆ. "ಮ್ಜೇ, ಕಿಲಿಮಂಜಾರೋದಲ್ಲಿ ಯಾವ ನೀರು ತುಂಬಿಸಿದಿರಿ?" ಅಂದ.

"ಅಲ್ಲಿ ನೀರೆಲ್ಲಿಂದ ಬರಬೇಕಯ್ಯ? ಐಸೇ ತುಂಬಿಸಿದೆ. ಆಗಲೇ ಹೆಪ್ಪುಗಟ್ಟಿದ್ದು ಇನ್ನೊಂದು ಸಲ ಹೇಗೆ ಹೆಪ್ಪುಗಟ್ಟುತ್ತೆ?"

ಅವನು ತುಂಬ ಹೊತ್ತು ಯೋಚಿಸಿದ. ನಾನೂ ಯೋಚಿಸಿದೆ. ಆಮೇಲೆ ಇಬ್ಬರೂ ಹೋಗಿ ಹೊಸ ಹೋಸು, ಹೆಪ್ಪುಗಟ್ಟದ ಹಸಿರು ಕೂಲೆಂಟ್ ತಂದು, ಅರ್ಧ ಅದು ಅರ್ಧ ನೀರು ಬೆರೆಸಿ ಹಾಕಿದೆವು.

೩. ಮಂಗಳಾರತಿ

ಒಳಗಿನ ಐಸಿನ ಕಾಟ ಮುಗಿಯಿತು, ಹೊರಗಿನದು ಶುರುವಾಯಿತು. ಹೋಸು ಹಾದುಹೋಗುವುದು ಪಟ್ಟಾದ ಮೇಲುಗಡೆ. ಪಟ್ಟಾ ತಿರುಗಿದರೆ ಐಸಿನ ಗಡ್ಡೆಗಳನ್ನು ಎತ್ತಿ ಹೋಸಿಗೇ ಬಡಿಯುತ್ತದೆ. ಕೆಲವು ಅಲ್ಲೇ ಅಂಟಿಕೊಂಡು ಹೋಸನ್ನು ಜಗ್ಗುತ್ತವೆ. ಕಾವಲಿಗೆ ಎಣ್ಣೆ ಸವರಿದರೆ ದೋಸೆ ಅಂಟುವುದುಂಟೇ? ಮಗಳ ಮನೆಯಿಂದ ಕೊಬ್ಬರಿ ಎಣ್ಣೆ ತಂದು, ಹೋಸಿಗೆ ಸವರಿ, ಉಳಿದದ್ದನ್ನು ಯಾಕೆ ಬಿಡಲಿ ಅಂತ ಇಡೀ ಗಾಡಿಗೆ ಅಭ್ಯಂಜನ ಮಾಡಿಸಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಎಣ್ಣೆಯೆಲ್ಲ ಗಟ್ಟಿಯಾಗಿ, ಬೆಣ್ಣೆ ಅಲಂಕಾರದ ಆಂಜನೇಯನ ಹಾಗೆ ಬೆಳ್ಳಗೆ ಕೂತಿತ್ತು ಗಾಡಿ. ಮ್ಯಾನೇಜರ್ ಬಾಗಿಲಲ್ಲೇ ನಿಂತು ಕೈ ಮುಗಿದರು.

"ತಾತ, ಮಂಗಳಾರತಿ ಎಷ್ಟು ಹೊತ್ತಿಗೆ?"

ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆದು ಒಬ್ಬನೇ ಕೂತಿದ್ದೆ. ರಬ್ಬರ್ ಎಷ್ಟು ಮೆತ್ತಗಿದ್ದರೇನು, ಒಳಗಿನದು ಓಡಾಡುವುದು ನಿಂತು ಗಟ್ಟಿಯಾದರೆ ಸೀಳುತ್ತದೆ ಅನ್ನಿಸಿತು. ಮಗಳ ಮನೆಯ ಸೋಫಾದಲ್ಲಿ ಕೂರಿಸಿದರೆ ನಾನು ಮೊದಲು ಎಲ್ಲಿ ಹೆಪ್ಪುಗಟ್ಟುತ್ತೇನೆ? ಕೈಯಲ್ಲೇ ಇರಬೇಕು. ನಾಲಿಗೆಯಲ್ಲಂತೂ ಅಲ್ಲ. ಡಬ್ಬಿ ಮುಚ್ಚಿ ಎದ್ದೆ. ಲಾರಿಯ ಹಳೇ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕೊಯ್ದು, ಕಾಲು ಮುರಿದವನಿಗೆ ಕಟ್ಟು ಹಾಕುವ ಹಾಗೆ ಹೋಸಿಗೆ ಸುತ್ತಿ, ಬಿಗಿಯಾಗಿ ಕಟ್ಟಿದೆ. ಅದರಲ್ಲಿ ತಮಾಷೆ ಏನೂ ಇಲ್ಲ. ಕೆಲಸ ಮಾತ್ರ ಚೆನ್ನಾಗಿತ್ತು.

೪. ನಿಂಬೆಹಣ್ಣು

ಹೊರಡುವ ಹಿಂದಿನ ಸಂಜೆ ಐಸ್ ರೂಮಿನಲ್ಲೇ ಗಾಡಿ ಪೂಜೆ ಮಾಡಿದೆ. ಹಳೇದಾದರೂ ನಮಗೆ ಹೊಸ ಗಾಡಿ ಅಂದಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಡವೇ? ಇದಕ್ಕೆ ಚಕ್ರವೇ ಇಲ್ಲ. ಕುಂಕುಮ ಹಚ್ಚಿದ ಒಂದು ಹಣ್ಣನ್ನು ಪಟ್ಟಾದ ಹಲ್ಲುಗಳ ಸಂದಿಗೆ ತುರುಕಿದೆ. ಬೆಳಗಾಗುವಷ್ಟರಲ್ಲಿ ಅದು ಗುಂಡುಕಲ್ಲಾಗಿ, ಮೇಲೆ ಹಿಮ ಮುಚ್ಚಿ, ನನಗೇ ಮರೆತುಹೋಗಿತ್ತು.

ಗಾಡಿಯನ್ನು ಐಸ್‌ಕ್ರೀಂ ಸಾಗಿಸುವ ತಣ್ಣನೆ ಲಾರಿಯಲ್ಲಿ ಹೇರಿಕೊಂಡು ಹೋದರೆ, ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಜನವೋ ಜನ. ಮಾಲೀಕರು ಸೂಟು ಹಾಕಿಕೊಂಡು ಬಂದಿದ್ದರು. ಮ್ಯಾನೇಜರೇ ಗಾಡಿ ಹತ್ತಿ ಆಕ್ಸಿಲರೇಟರ್ ಒತ್ತಿದರು. ಪಟ್ಟಾ ಒಂದು ಸುತ್ತು ಬಂತು, ಒಳಗಡೆ ಧಡ್ ಅಂತ ಕೋವಿ ಹಾರಿಸಿದಂಥ ಸದ್ದು! ಎಂಜಿನ್ ನಿಲ್ಲಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದವು, ಅದೂ ಆಟದ್ದೇ ಭಾಗ ಅಂದುಕೊಂಡು. ನನಗೆ ಮಾತ್ರ ಮಗಳ ಮನೆಯ ಸೋಫಾ ಕಣ್ಣಿಗೆ ಕಟ್ಟಿತು.

ಗಾಡಿಯನ್ನು ಮಗ್ಗುಲಿಗೆ ವಾಲಿಸಿ ನೋಡಿದೆವು. ಟ್ಯೂಬಿನ ಸುತ್ತಿನ ಮೇಲೆ ದೊಡ್ಡದೊಂದು ಗಾಯ. ಅದರ ಕೆಳಗೆ ಹೋಸು ಸುಖವಾಗಿತ್ತು, ಒಂದು ತೊಟ್ಟೂ ಸೋರಿರಲಿಲ್ಲ. ಮಾಲೀಕರು ನೆಲದಿಂದ ಕಲ್ಲಿನಂಥ ನಿಂಬೆ ಚೂರು ಎತ್ತಿಕೊಂಡು, "ಏನಿದು?" ಅಂತ ಹಿಂದಿಯಲ್ಲಿ ಗದರಿದರು.

ನಾನು ಎದೆ ಸೆಟೆಸಿ ಹೇಳಿದೆ: "ಟೆಸ್ಟಿಂಗ್, ಸಾಹೇಬರೇ. ಐಸ್ ಯಾವ ಲೆಕ್ಕ? ಅದಕ್ಕಿಂತ ಗಟ್ಟಿಯಾದದ್ದನ್ನೇ ಹೊಡೆಸಿ ನೋಡಿದೆ."

ಮಾಲೀಕರು ಹೋಸು ಮುಟ್ಟಿದರು, ಟ್ಯೂಬಿನ ಸುತ್ತು ಮುಟ್ಟಿದರು, ನನ್ನ ಬೆನ್ನು ತಟ್ಟಿದರು. "ಈ ಮುದುಕರು ವರ್ಕ್‌ಶಾಪಿನಲ್ಲೇ ಇರಲಿ," ಅಂದರು.

ಗಾಡಿ ಸಂಜೆವರೆಗೂ ಓಡಿತು. ಮ್ಯಾನೇಜರ್ ನನ್ನ ಪಕ್ಕ ಬಂದು, ಆ ನಿಂಬೆ ಚೂರನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು.

"ಟೆಸ್ಟಿಂಗ್ ಸರಿ ತಾತ. ಇದಕ್ಕೆ ಕುಂಕುಮ ಯಾಕೆ?"

"ಎಲ್ಲಿ ಬಡೀತು ಅಂತ ಗುರುತು ಸಿಗಬೇಡವಾ, ಸಾರ್?"