ಅಳಿಯಂದ್ರ ಕೋಟು ದಾನ

ಎಲ್ಲದಕ್ಕೂ ಕಾರಣ ಒಂದು ಸುಕ್ಕು. ಅದೂ ಬಿದ್ದ ಸುಕ್ಕಲ್ಲ, ಬೀಳಬಹುದಾಗಿದ್ದ ಸುಕ್ಕು.

ಮಾವನ ದರ್ಜಿ ಅಂಗಡಿಯಲ್ಲಿ ಇಸ್ತ್ರಿ ಮಾಡಲು ನಿಂತ ದಿನದಿಂದ ಅವನು ಇಡೀ ಬೀದಿಗೇ ‘ಅಳಿಯಂದ್ರು’. ಹಾಲು ಹಾಕುವವನಿಗೂ ಅಳಿಯಂದ್ರು, ಮಾವನಿಗಿಂತ ಹಿರಿಯಳಾದ ಎದುರುಮನೆ ಅಜ್ಜಿಗೂ ಅಳಿಯಂದ್ರು. ನಾನೇನು ಊರಿಗೆಲ್ಲ ಅಳಿಯನೇ ಎಂದು ಒಮ್ಮೆ ಗೊಣಗಿದ್ದಕ್ಕೆ, ಸರಿ ಬಿಡಿ, ಇನ್ನು ಮೇಲೆ ಅಳಿಯ ಅನ್ನುವುದಿಲ್ಲ, ಮಗಳ ಗಂಡ ಅನ್ನುತ್ತೇವೆ ಎಂದು ನಕ್ಕಿದ್ದರು. ಅಲ್ಲಿಂದ ಮುಂದೆ ಯಾರು ಹಾಗೆ ಕರೆದರೂ ಅವನು ಓಗೊಟ್ಟ.

ಆದರೆ ಈ ಸುಕ್ಕಿನ ದಿನದ ಸಂಜೆಗೆ ಅವನ ದೆಸೆ ತಿರುಗುವುದಿತ್ತು. ಅದು ಅವರ ಚರ್ಚಿನ ಪಾಲಕ ಸಂತ ಮಾರ್ಟಿನರ ಹಬ್ಬ. ಮಂಡಿನೋವಿನಿಂದ ಹೊಲಿಗೆ ಯಂತ್ರ ತುಳಿಯಲಾರದೆ ಹೋದ ಮಾವ, ಹಬ್ಬದ ದಿನ ಸಂಜೆ ಊಟಕ್ಕೆ ಬರುತ್ತೇನೆ, ಬರುವಾಗ ಅಂಗಡಿಯ ಬೀಗದ ಕೈ ತಂದು ನಿನ್ನ ಕೈಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಒಂದೇ ಷರತ್ತು: ಮದುವೆಗೆ ತಾವೇ ಹೊಲಿದುಕೊಟ್ಟ ಕೋಟನ್ನು ಅಳಿಯ ಅಂದು ಹಾಕಿಕೊಂಡಿರಬೇಕು. ದ್ರಾಕ್ಷಿ ಬಣ್ಣದ ರೇಷ್ಮೆ ಒಳಬಟ್ಟೆಯ ಕಪ್ಪು ಉಣ್ಣೆಯ ಕೋಟು ಅದು. ಎಲ್ಲಿ ನಾಲ್ಕು ಜನ ಸೇರಿದರೂ ಮಾವ ಅಳಿಯನನ್ನು ನಿಲ್ಲಿಸಿ, ಕೋಟಿನ ಅಂಚು ಮಡಚಿ, ಒಳಬಟ್ಟೆ ತೋರಿಸದೆ ಬಿಟ್ಟವರಲ್ಲ. ಕೋಟು ಕಾಪಾಡಿಕೊಳ್ಳಲಾರದವನು ಅಂಗಡಿ ಹೇಗೆ ಕಾಪಾಡುತ್ತಾನೆ ಎನ್ನುವುದು ಅವರ ಪಲ್ಲವಿ.

ಬೆಳಿಗ್ಗೆ ಹೆಂಡತಿ ಅಡುಗೆಗೆ ನಿಂತಳು, ಅಳಿಯಂದ್ರು ಕೋಟು ಹಾಕಿಕೊಂಡು ಪೂಜೆಗೆ ಹೊರಟ. ದಾರಿಯಲ್ಲಿ ಹನಿ ಬಿತ್ತು. ಮುಂಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗಿದವನಿಗೆ ಗೋಡೆಯುದ್ದಕ್ಕೂ ಮೊಳೆಗಳು, ಮೊಳೆಗಳಲ್ಲಿ ಕೋಟುಗಳು ಕಂಡವು. ಒದ್ದೆ ಉಣ್ಣೆಯ ಮೇಲೆ ಕುಳಿತರೆ ಬೆನ್ನಿನ ಕೆಳಗೆ ಬೀಳುವ ಸುಕ್ಕು ಎಂಥದ್ದೆಂದು ಇಸ್ತ್ರಿಯವನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಕೈ ತಾನಾಗಿಯೇ ಕೋಟು ಕಳಚಿ, ಹೆಗಲು ನೇರ ಮಾಡಿ, ಖಾಲಿ ಮೊಳೆಗೆ ತೂಗಿಹಾಕಿತು. ಮೈಮೇಲೆ ಸ್ವೆಟರ್ ಇತ್ತು, ಚಳಿಯೇನೂ ಆಗಲಿಲ್ಲ.

ಆ ಚರ್ಚಿನಲ್ಲಿ ಒಂದು ಪದ್ಧತಿಯಿದೆ. ಸಂತ ಮಾರ್ಟಿನರು ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟವರು. ಅವರ ನೆನಪಿಗೆ ಹಬ್ಬದ ದಿನ ಮನೆಗೊಂದು ಕೋಟನ್ನು ಪಕ್ಕದ ಬಾಗಿಲ ಮೊಳೆಗೆ ಹಾಕುತ್ತಾರೆ. ಜನ ತಲೆ ತಗ್ಗಿಸಿ ಪ್ರಾರ್ಥಿಸುವಾಗ ನಿರ್ಗತಿಕರ ಆಶ್ರಮದ ಸಿಸ್ಟರ್ ಸದ್ದಿಲ್ಲದೆ ಎಲ್ಲವನ್ನೂ ಹೊತ್ತೊಯ್ಯುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದಲ್ಲ. ಅಳಿಯಂದ್ರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಪ್ರತಿ ವರ್ಷ ಮನೆಯ ಕೋಟು ತಂದು ಹಾಕುತ್ತಿದ್ದವಳು ಹೆಂಡತಿ, ಅವನು ಆ ಹೊತ್ತಿಗೆ ಮುಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಅಷ್ಟೇ ವ್ಯತ್ಯಾಸ.

ಫಾದರ್ ಪ್ರಸಂಗ ಶುರು ಮಾಡಿದರು. ವರ್ಷವರ್ಷವೂ ನುಸಿ ತಿಂದುಳಿದದ್ದನ್ನು ಬಡವರಿಗೆ ಕೊಡುತ್ತೇವೆ ಎಂದು ಎಲ್ಲರನ್ನೂ ಒಂದು ಸುತ್ತು ಬೈದರು. ಆಮೇಲೆ ದನಿ ಮೆತ್ತಗಾಯಿತು.

"ಪೂಜೆಗೆ ಹೊರಡುವಾಗ ನನ್ನ ಕಣ್ಣಾರೆ ಕಂಡೆ. ರೇಷ್ಮೆ ಒಳಬಟ್ಟೆಯ ಕೋಟು. ಇನ್ನೂ ಮೈಬಿಸಿ ಆರಿರಲಿಲ್ಲ. ಸಂತರು ಕೊಟ್ಟದ್ದು ಅರ್ಧ. ನಮ್ಮವರೊಬ್ಬರು ಪೂರ್ತಿ ಕೊಟ್ಟಿದ್ದಾರೆ. ಅವರು ಯಾರು ಅಂತ ನಾನು ಹೇಳಲ್ಲ."

ಹೇಳಬೇಕಾಗಿರಲಿಲ್ಲ. ಇಡೀ ಚರ್ಚು ತಿರುಗಿ ನೋಡಿತು. ಯಾರಪ್ಪಾ ಆ ಪುಣ್ಯಾತ್ಮ ಎಂದು ಅಳಿಯಂದ್ರೂ ತಿರುಗಿ ನೋಡಿದ. ಅವನ ಹಿಂದೆ ಒಂದು ಕಂಬವಿತ್ತು. ಕಂಬವನ್ನು ಇಷ್ಟು ಜನ ಯಾಕೆ ಭಕ್ತಿಯಿಂದ ನೋಡುತ್ತಿದ್ದಾರೆ ಎಂದು ಅವನಿಗೆ ತುಂಬಾ ಹೊತ್ತು ಅರ್ಥವಾಗಲಿಲ್ಲ.

ಪೂಜೆ ಮುಗಿದು ಪಕ್ಕದ ಬಾಗಿಲಿಗೆ ಬಂದಾಗ ಅರ್ಥವಾಯಿತು. ಗೋಡೆಯಲ್ಲಿ ಬರೀ ಮೊಳೆಗಳಿದ್ದವು.

ಅಷ್ಟರಲ್ಲಿ ಜಪಸರದಕ್ಕ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಸಂಜೆ ಜಪಸರ ಪ್ರಾರ್ಥನೆ ನಡೆಸುವ ಹೆಂಗಸು ಅವಳು. ಬಾಯಲ್ಲಿ ಜಪ ಇಲ್ಲದ ಹೊತ್ತಿನಲ್ಲಿ ಊರ ಸುದ್ದಿ ಇರುತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಅಕ್ಕಾ, ಅದು ತಪ್ಪಾಗಿ ಹೋಯ್ತು. ನಾನು ಕೊಟ್ಟಿದ್ದಲ್ಲ, ಸುಮ್ನೆ ತೂಗುಹಾಕಿದ್ದೆ."

"ಗೊತ್ತಪ್ಪಾ, ಗೊತ್ತು. ಕೊಟ್ಟವರು ಯಾರಾದ್ರೂ ಕೊಟ್ಟೆ ಅಂತಾರಾ?"

"ಅಯ್ಯೋ, ನಿಜವಾಗ್ಲೂ ನಾನಲ್ಲ ಅಕ್ಕಾ."

"ನೋಡಿ, ನೋಡಿ ವಿನಯ ಅಂದ್ರೆ ಇದು" ಎಂದು ಅವಳು ಸುತ್ತ ನಿಂತವರಿಗೆ ತೋರಿಸಿದಳು. ಅವನು ಇಲ್ಲ ಎಂದಷ್ಟೂ ಅವನ ಕೀರ್ತಿ ಬೆಳೆಯಿತು. ಮೂರನೇ ಸಲ ಇಲ್ಲ ಎಂದಾಗ ಯಾರೋ ಒಬ್ಬಾಕೆ ತನ್ನ ಮಗುವನ್ನು ಮುಂದೆ ತಳ್ಳಿ, ಅವನ ಕೈಯಿಂದ ತಲೆ ಮುಟ್ಟಿಸಿಕೊಂಡು ಹೋದಳು. ನಾನೇ ಕೊಟ್ಟೆನೋ ಏನೋ ಎಂದು ಅವನಿಗೂ ಒಂದು ಕ್ಷಣ ಅನುಮಾನ ಬಂತು.

ಆಶ್ರಮಕ್ಕೆ ಓಡಿದ. ಸಿಸ್ಟರ್ ಅವನನ್ನು ಕಂಡದ್ದೇ ಮುಖವರಳಿಸಿ ಒಳಗೆ ಕರೆದರು. ಕೋಟಿನ ವಿಷಯ ಮಾತಾಡಬೇಕಿತ್ತು ಎಂದು ಅವನು ಶುರು ಮಾಡಿದ. ಅವರು ಮಾತು ಮುಗಿಸಲು ಬಿಡದೆ, ಆ ಕೋಟು ಚರ್ಚಿನ ಮೆಟ್ಟಿಲಲ್ಲಿ ಕೂರುವ ಮೆಟ್ಟಿಲಣ್ಣನಿಗೆ ಹೋಯಿತು, ಆದರೆ ನೋಡಿ, ಒಳಗೆ ಒಬ್ಬರು ಮುದುಕರು ಸ್ವೆಟರ್ ಇಲ್ಲದೆ ಕೆಮ್ಮುತ್ತಿದ್ದಾರೆ ಎಂದು ಅವನ ಎದೆಯ ಕಡೆಗೆ ನೋಡಿದರು. ಕೆಮ್ಮು ಕೂಡ ಸರಿಯಾಗಿ ಆಗಲೇ ಕೇಳಿಸಿತು. ಹೊರಗೆ ಬಂದಾಗ ಅವನ ಮೈಮೇಲೆ ಅಂಗಿಯೊಂದೇ ಇತ್ತು. ಕೋಟು ಕೇಳಲು ಹೋಗಿ ಸ್ವೆಟರ್ ಕೊಟ್ಟು ಬಂದದ್ದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿದರೂ ಹೊಳೆಯಲಿಲ್ಲ.

ಮೆಟ್ಟಿಲಣ್ಣ ಮೆಟ್ಟಿಲಲ್ಲಿರಲಿಲ್ಲ. ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಯ ಬಾಗಿಲು ಎಲ್ಲ ಸುತ್ತಿ, ಮಧ್ಯಾಹ್ನ ಕಳೆದು ಹೊತ್ತು ಇಳಿಯುವಾಗ ಮತ್ತೆ ಚರ್ಚಿಗೇ ಬಂದರೆ ಅಲ್ಲೇ ಕೂತಿದ್ದ. ಮೈಮೇಲೆ ಕೋಟು, ಮುಖದ ಮೇಲೆ ಸೂತಕದ ಕಳೆ. ತೋಳುಗಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತಿತ್ತು.

"ನಿಮ್ದಾ ಇದು?" ಎಂದ ಮೆಟ್ಟಿಲಣ್ಣ. "ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ ಸ್ವಾಮಿ. ಬೆಳಿಗ್ಗೆಯಿಂದ ಒಬ್ಬ ನರಪಿಳ್ಳೆ ಕೈ ನೀಡಿಲ್ಲ. ಒಬ್ಬಾಕೆ ಅಂತೂ, ಸಾರ್ ನಮ್ಮ ಹುಡುಗನಿಗೊಂದು ಕೆಲಸ ನೋಡಿ ಅಂತ ನನ್ನನ್ನೇ ಕೇಳಿದ್ಲು. ಈ ಕೋಟು ಹಾಕ್ಕೊಂಡು ಯಾವ ಬಾಯಲ್ಲಿ ಭಿಕ್ಷೆ ಕೇಳೋದು?"

ಅಳಿಯಂದ್ರಿಗೆ ಹೋದ ಜೀವ ಬಂತು. ಹಾಗಾದರೆ ವಾಪಸು ಕೊಡು ಎಂದ. ಬರಿಗೈಯಲ್ಲಿ ಕೊಡುವುದುಂಟೇ ಎಂದು ಮೆಟ್ಟಿಲಣ್ಣ ಅವನ ಬೂಟುಗಳನ್ನು ನೋಡಿದ. ಇವನಿಗೆ ಚೌಕಾಶಿ ಮಾಡುವಷ್ಟು ಹೊತ್ತಿರಲಿಲ್ಲ. ಬೂಟು ಬಿಚ್ಚಿಕೊಟ್ಟು, ಕೋಟು ಮಡಚಿ ಬಗಲಲ್ಲಿ ಹಿಡಿದು, ಬರಿಗಾಲಲ್ಲಿ ಮನೆಯ ಕಡೆ ಓಡಿದ. ಜಪಸರದಕ್ಕನ ಮನೆ ಬಂದಾಗ ಗೋಡೆಗೆ ಒತ್ತಿಕೊಂಡು ಬೆಕ್ಕಿನ ಹಾಗೆ ದಾಟಿದ.

ಹಿತ್ತಿಲ ಬಾಗಿಲಲ್ಲಿ ಹೆಂಡತಿ ಕಾಯುತ್ತಿದ್ದಳು. ಅವನು ನಗುತ್ತಾ ಕೋಟು ಎತ್ತಿ ತೋರಿಸಿದ. ಅವಳ ಮುಖ ಬಿಳುಚಿತು.

"ಇದನ್ನ ಯಾಕೆ ತಂದ್ರಿ?"

"ಯಾಕೆ ಅಂದ್ರೆ? ಮಾವ ಬರ್ತಾರಲ್ಲ."

"ಬಂದು ಕೂತಾಯ್ತು. ಫಾದರೂ ಇದ್ದಾರೆ. ಜಪಸರದಕ್ಕ ಎಲ್ಲ ಹೇಳಿ ಹೋದ್ಲು. ನನ್ನ ಕೋಟನ್ನ ನನ್ನ ಅಳಿಯ ಬಡವನಿಗೆ ಹೊದಿಸಿದ ಅಂತ ಅಪ್ಪ ಅಳ್ತಾ ಕೂತಿದ್ದಾರೆ. ನನ್ನ ಮದುವೇಲೂ ಅತ್ತವರಲ್ಲ ಅವರು. ಕೊಟ್ಟದ್ದನ್ನ ಕಿತ್ತುಕೊಂಡು ಬಂದ್ರಿ ಅಂತ ಗೊತ್ತಾದ್ರೆ ಅಂಗಡಿ ಹೋಯ್ತು ಅಂತಲೇ ಲೆಕ್ಕ. ಓಡಿ, ಯಾರಿಗಾದ್ರೂ ಕೊಟ್ಟು ಬನ್ನಿ."

ಕೋಟು ಇಲ್ಲದಿದ್ದರೆ ಅಂಗಡಿ ಇಲ್ಲ ಎಂದು ಬೆಳಿಗ್ಗೆಯಿಂದ ಓಡಿದವನಿಗೆ, ಕೋಟು ಇದ್ದರೆ ಅಂಗಡಿ ಇಲ್ಲ ಎಂಬುದು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ಬಂದ ದಾರಿಯಲ್ಲೇ ತಿರುಗಿ ಓಡಿದ.

ಮೆಟ್ಟಿಲಣ್ಣ ಹೊಸ ಬೂಟುಗಳನ್ನು ಸೆರಗಿನಂತಿದ್ದ ತನ್ನ ಹರಕು ಶಾಲಿನಿಂದ ಒರೆಸುತ್ತಿದ್ದ. ಕೋಟು ಮತ್ತೆ ಬರುತ್ತಿರುವುದನ್ನು ಕಂಡು ಎದ್ದು ನಿಂತ, ಓಡುವವನ ಹಾಗೆ.

"ಬೇಡ ಸ್ವಾಮಿ. ನಾನು ಯಾರಿಗೂ ಕೆಟ್ಟದ್ದು ಮಾಡಿದವನಲ್ಲ."

ಅಳಿಯಂದ್ರು ಬೇಡಿಕೊಂಡ. ಚರ್ಚಿನ ಮೆಟ್ಟಿಲಲ್ಲಿ, ಬರಿಗಾಲಲ್ಲಿ, ಬರೀ ಅಂಗಿಯಲ್ಲಿ ನಿಂತು ಒಬ್ಬ ಮನುಷ್ಯ ಭಿಕ್ಷುಕನ ಮುಂದೆ ಕೈಮುಗಿಯುತ್ತಿದ್ದ. ದಾರಿಹೋಕನೊಬ್ಬ ಅಯ್ಯೋ ಪಾಪ ಎಂದು ಇವನ ಕೈಗೆ ಒಂದು ನಾಣ್ಯ ಹಾಕಿ ಹೋದ. ಮೆಟ್ಟಿಲಣ್ಣ ಅದನ್ನು ತನ್ನ ಹಕ್ಕೆಂಬಂತೆ ತೆಗೆದುಕೊಂಡು ಸ್ವಲ್ಪ ಮೆತ್ತಗಾದ.

"ಸರಿ. ಆದ್ರೆ ತೋಳು ಉದ್ದ. ಕಡಿಮೆ ಮಾಡಿಸಿ ಕೊಡೋದಾದ್ರೆ ಇಟ್ಕೋತೀನಿ."

"ನಾನೇ ಮಾಡಿಕೊಡ್ತೀನಿ ಮಾರಾಯಾ. ನಾಳೆ ಅಂಗಡಿಗೆ ಬಾ. ಅಂಗಡಿ ನನ್ನದೇ."

ಆ ಮಾತು ಹೇಳುವಾಗ ಅವನ ಎದೆ ಉಬ್ಬಿತು. ಮದುವೆಯಾದಾಗಿನಿಂದ ಹಬೆಯಲ್ಲಿ ಬೆಂದು, ಮಾವನ ಪಲ್ಲವಿ ಕೇಳಿ ಸವೆದವನು ಮೊದಲ ಬಾರಿ ಆ ಮಾತನ್ನು ಬಾಯಿಬಿಟ್ಟು ಆಡಿದ್ದ. ಮೈ ಚಳಿಗೆ ನಡುಗುತ್ತಿದ್ದರೂ ಮನಸ್ಸು ಬೆಚ್ಚಗಿತ್ತು.

ಮನೆಯೊಳಗೆ ಕಾಲಿಟ್ಟಾಗ ಮಾವ ಎದ್ದು ನಿಂತರು. ಮಂಡಿ ಹಿಡಿದುಕೊಂಡು ಅವರು ಯಾರಿಗಾದರೂ ಎದ್ದು ನಿಂತದ್ದನ್ನು ಮಗಳೂ ಕಂಡಿರಲಿಲ್ಲ. ಫಾದರ್ ಕುರ್ಚಿಯಲ್ಲಿ ನಗುತ್ತಾ ಕೂತಿದ್ದರು. ಮೇಜಿನ ಮೇಲೆ ಬೀಗದ ಕೈ ಇತ್ತು. ಅಳಿಯನ ಬರಿಗಾಲು ನೋಡಿ, ಬೂಟನ್ನೂ ಕೊಟ್ಟೆಯಾ ಎಂದು ಮಾವ ಕೇಳಿದರು. ಅಳಿಯಂದ್ರು ಸ್ವೆಟರಿನ ವಿಷಯವನ್ನೂ ತಗ್ಗಿದ ದನಿಯಲ್ಲಿ ಸೇರಿಸಿದ.

ಮಾವ ಅವನ ಭುಜದ ಮೇಲೆ ಕೈಯಿಟ್ಟರು.

"ಒಂದೇ ಮಾತು ಕೇಳ್ತೀನಿ. ದೇವರನ್ನ ನೆನೆದು ಹೇಳು. ಮನಸಾರೆ ಕೊಟ್ಟೆಯಾ?"

ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ಹೌದು ಅನ್ನಿ ಎಂಬಂತೆ ಜೋರಾಗಿ ತಲೆಯಾಡಿಸಿದಳು. ಬೆಳಿಗ್ಗೆಯಿಂದ ಇಲ್ಲ ಇಲ್ಲ ಎಂದು ಅವನಿಗೂ ಸಾಕಾಗಿತ್ತು.

"ಮನಸಾರೆ ಕೊಟ್ಟೆ ಮಾವ. ಎರಡು ಸಲ ಕೊಡು ಅಂದಿದ್ರೂ ಕೊಡ್ತಿದ್ದೆ."

ಮಾವ ಕಣ್ಣೊರೆಸಿಕೊಂಡು ಫಾದರ್ ಕಡೆ ತಿರುಗಿದರು.

"ನಾನು ಸೋತೆ ಫಾದರ್. ಮೊದಲು ಸುದ್ದಿ ಕೇಳಿದಾಗ, ಇವನು ಕೋಟನ್ನ ಎಲ್ಲೋ ಮರೆತು ಬಂದಿರ್ತಾನೆ, ಇದು ಕೊಡೋ ಕೈ ಅಲ್ಲ ಅಂದಿದ್ದೆ. ಮರೆತೆ ಅಂತ ಬಾಯಿಬಿಟ್ಟು ಹೇಳಿದ್ರೂ ಬೇಜಾರಿರಲಿಲ್ಲ. ಮನುಷ್ಯ ಅಂದ್ಮೇಲೆ ಮರೀತಾನೆ, ಅಂಗಡಿ ಅವನಿಗೇ ಕೊಟ್ಟು ಹೋಗ್ತಿದ್ದೆ. ಈಗ ನನ್ನ ಕಣ್ಣು ತೆರೀತು. ಸಂತರು ಅರ್ಧ ಕೊಟ್ರು. ನನ್ನ ಅಳಿಯ ಪೂರ್ತಿ ಕೊಟ್ಟ. ನಾನು ಯಾವ ಮುಖ ಇಟ್ಕೊಂಡು ಹಿಡಿದಿಟ್ಟುಕೊಳ್ಳಲಿ?"

ಹಾಗೆಂದು ಅವರು ಬೀಗದ ಕೈಯನ್ನು ಎತ್ತಿ ಫಾದರ್ ಕೈಯಲ್ಲಿಟ್ಟರು. ಇನ್ನು ಮೇಲೆ ಅಂಗಡಿ ಆಶ್ರಮದ್ದು. ಅಲ್ಲಿಯ ನಿರ್ಗತಿಕರಿಗೆ ತಾವೇ ಹೊಲಿಗೆ ಕಲಿಸುತ್ತಾರೆ, ಕಲಿತವರು ಅದನ್ನು ನಡೆಸಿಕೊಂಡು ಹೋಗುತ್ತಾರೆ. ಅಳಿಯನೇನು, ಆಸೆ ಎಂಬುದನ್ನೇ ಗೆದ್ದವನು, ಈಗಿನ ಹಾಗೆಯೇ ಇಸ್ತ್ರಿ ಮಾಡಿಕೊಂಡಿರುತ್ತಾನೆ.

ಅಡುಗೆಮನೆಯಲ್ಲಿ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು. ಅಳಿಯಂದ್ರು ಏನೋ ಹೇಳಲು ಬಾಯಿ ತೆರೆದ. ಅದು ತಪ್ಪಾಗಿ ಹೋದದ್ದು, ನಾನು ಕೊಟ್ಟದ್ದಲ್ಲ, ಸುಮ್ಮನೆ ತೂಗುಹಾಕಿದ್ದೆ ಎಂದು ಒಂದೇ ಉಸಿರಿನಲ್ಲಿ ಹೇಳಿಯೂ ಹೇಳಿದ.

ಫಾದರ್ ಮತ್ತು ಮಾವ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂಥ ವಿನಯ" ಎಂದರು ಫಾದರ್.

ಆಗ ಬಾಗಿಲು ಬಡಿದ ಸದ್ದಾಯಿತು. ತಾವು ಹೊಲಿದ ಕೋಟು ಯಾರಿಗೆ ಸಿಕ್ಕಿತೋ ಅವರನ್ನು ಇಲ್ಲಿಗೇ ಊಟಕ್ಕೆ ಕಳಿಸಿ ಎಂದು ಮಾವ ಆಗಲೇ ಸಿಸ್ಟರ್‌ಗೆ ಹೇಳಿ ಕಳಿಸಿದ್ದರಂತೆ. ಹೊಸ ಬೂಟು ಕಿರುಗುಟ್ಟಿಸುತ್ತಾ ಮೆಟ್ಟಿಲಣ್ಣ ಒಳಗೆ ಬಂದ. ಮಾವ ಅವನಿಗೆ ಅಂಗಡಿಯ ವಿಷಯವೆಲ್ಲ ವಿವರಿಸಿ, ನೀನೇ ಮೊದಲ ಶಿಷ್ಯ, ನಾಳೆಯೇ ಬಂದು ಯಂತ್ರದ ಮುಂದೆ ಕೂರು, ಚೆನ್ನಾಗಿ ಕಲಿತರೆ ಯಜಮಾನಿಕೆಯೂ ನಿನ್ನದೇ ಎಂದರು. ಮೆಟ್ಟಿಲಣ್ಣ ತುಸು ಯೋಚಿಸಿದ. ಈ ಕೋಟು ಹಾಕಿಕೊಂಡ ಮೇಲೆ ಹಳೆಯ ಕಸುಬಂತೂ ನಡೆಯುವುದಿಲ್ಲ ಎಂದು ಒಪ್ಪಿಕೊಂಡ. ಆಮೇಲೆ ಅಳಿಯಂದ್ರ ಕಡೆ ತಿರುಗಿದ.

"ತೋಳು ಕಡಿಮೆ ಮಾಡಿಕೊಡ್ತೀನಿ ಅಂದಿದ್ರಲ್ಲ?"

ಮಾವ ಸಂತೋಷದಿಂದ ಜೇಬಿನಲ್ಲಿದ್ದ ಅಳತೆಪಟ್ಟಿ ತೆಗೆದು ಅಳಿಯನ ಕೈಗೆ ಕೊಟ್ಟರು. ಬೀಗದ ಕೈಗಾಗಿ ಚಾಚಿದ್ದ ಕೈ ಅದು, ಇನ್ನೂ ಹಾಗೆಯೇ ಚಾಚಿಕೊಂಡಿತ್ತು. ಅಳಿಯಂದ್ರು ಬರಿಗಾಲಲ್ಲಿ ನೆಲಕ್ಕೆ ಮಂಡಿಯೂರಿ, ತನ್ನ ಕೋಟಿನ ತೋಳನ್ನು ಹಿಡಿದೆಳೆದು ಅಳೆಯತೊಡಗಿದ.

"ನಿಧಾನ ಅಳಿಯಂದ್ರೇ" ಎಂದ ಮೆಟ್ಟಿಲಣ್ಣ, "ಸುಕ್ಕು ಬೀಳುತ್ತೆ."