ಬಿರಿಯುವ ಮೊದಲೇ ಕೊಯ್ದ ದ್ರಾಕ್ಷಿ ಹಾಗೂ ತತ್ಸಂಬಂಧಿ ಮೌನದ ಬಗ್ಗೆ

ಇಂದ:
ಜೋಕಿಮ್ ಅಲ್ಮೇಡಾ,
ನಿವೃತ್ತ ಸ್ಟುವರ್ಡ್ (ಹಡಗಿನ ಊಟದ ಹಾಲ್),
ಸದ್ಯ ವಾಸ: ಮನೆಯ ಹೊರಜಗಲಿ, ಶಂಕರಪುರ, ಕಾಪು ಹತ್ತಿರ.

ಗೆ:
ಶ್ರೀಮತಿ ಡುಲ್ಸಿನ್ ಅಲ್ಮೇಡಾ,
ಅಡುಗೆಮನೆ, ಮಲ್ಲಿಗೆ ತೋಟ ಹಾಗೂ ಅರ್ಜಿದಾರನ ಮೇಲಿನ ಸರ್ವಾಧಿಕಾರಿಗಳು,
ಅದೇ ಮನೆ, ಒಳಗೆ.

ದಿನಾಂಕ: 25-5-1984, ಶುಕ್ರವಾರ

ವಿಷಯ: ಬಿಳಿ ದ್ರಾಕ್ಷಿಬಳ್ಳಿಯನ್ನು ಕಡಿಸದಿರುವ ಹಾಗೂ ಗಂಡನೊಡನೆ ಮಾತು ಪುನರಾರಂಭಿಸುವ ಬಗ್ಗೆ.

ಉಲ್ಲೇಖ: ಅಂಗಳದ ಕೋಳಿಗಳನ್ನು ಉದ್ದೇಶಿಸಿ ತಾವು ಹೊರಡಿಸಿದ ಮೌಖಿಕ ಆದೇಶ: "ಕೋಳಿಗಳೇ, ಸೋಮವಾರ ದೇಜಪ್ಪ ಕತ್ತಿ ತರ್ತಾನೆ. ಬಳ್ಳಿ ಹೋಗ್ಲಿಕ್ಕುಂಟು. ಕೆಲವರಿಗೆ ತಿಳಿಸಿ."

ಮಾನ್ಯರೇ,

ಮೇಲ್ಕಾಣಿಸಿದ ವಿಷಯದಲ್ಲಿ ಅರ್ಜಿದಾರನು ವಿನಂತಿಸಿಕೊಳ್ಳುವುದೇನೆಂದರೆ, ಕೊಂಕಣಿಯಲ್ಲಿ ಬಾಯಿ ತೆರೆದರೆ ಜಗಳವಾಗುವ ಕಾರಣ, ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಈ ಅರ್ಜಿ. ಇದರಲ್ಲಿ ಅರ್ಜಿದಾರನಿಗೆ ಬೈಗುಳ ಅಷ್ಟಾಗಿ ಬರುವುದಿಲ್ಲ.

೧. ಸದರಿ ಅರ್ಜಿದಾರನು ಹಡಗಿನಲ್ಲಿ ಸಾಹೇಬರಿಗೆ ಬಿಳಿ ವೈನ್ ಬಗ್ಗಿಸಿ ಬಗ್ಗಿಸಿಯೇ ನಾಲ್ಕು ಸಂಗತಿ ಕಲಿತವನು. ರೀಸ್ಲಿಂಗ್ ಎಂಬ ದ್ರಾಕ್ಷಿಗೆ ಚಳಿ ಬೇಕು, ನದಿದಂಡೆಯ ಇಳಿಜಾರು ಬೇಕು. ಅದರದು ಮೂಗಿಗೆ ಹಸಿರು ಸೇಬು, ನಾಲಿಗೆಗೆ ಲಿಂಬೆ. ಸೋವಿನ್ಯೋ ಬ್ಲಾಂ ಆಗಷ್ಟೇ ಕೊಯ್ದ ಹುಲ್ಲಿನ ವಾಸನೆಯದು, ಮೀನಿನ ಜೊತೆ ಒಳ್ಳೆ ಸ್ನೇಹ. ಶಾರ್ಡನೆ ಯಾವ ಊರಿಗೆ ಕೊಟ್ಟರೂ ಹೊಂದಿಕೊಳ್ಳುವ ಸೊಸೆ. ಓಕ್ ಮರದ ಪೀಪಾಯಿಯಲ್ಲಿಟ್ಟರೆ ಬೆಣ್ಣೆಯ ರುಚಿ ಬರುತ್ತದೆ, ಕೋಳಿಗೆ ಹೇಳಿ ಮಾಡಿಸಿದ್ದು. ಮಸ್ಕಟ್ (ಗಲ್ಫಿನ ಊರಲ್ಲ, ದ್ರಾಕ್ಷಿ) ಹೂವಿನ ಪರಿಮಳದ್ದು. ಅದರ ಸಿಹಿ ವೈನನ್ನು ಮಾತ್ರ ಕೇಕಿನ ಜೊತೆ ಕೊಡಬಹುದು. ಹುಳಿ ವೈನನ್ನು ಕೇಕಿನ ಮೇಲೆ ಕೊಟ್ಟರೆ ಹುಳಿ ಇನ್ನೂ ಏರುತ್ತದೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಡುವುದು.

೨. ಇವು ಯಾವುವೂ ನಮ್ಮ ಸೆಖೆಗೆ ಆಗಿಬರದ ಕಾರಣ ಬಿಜಾಪುರದಿಂದ ಅನಾಬ್-ಎ-ಶಾಹಿ ಎಂಬ ಬಳ್ಳಿ ತರಿಸಲಾಯಿತು. ಅದಕ್ಕೂ ಒಣಗಾಳಿಯೇ ಇಷ್ಟ, ಮಳೆಗೆ ಎಲೆಯೆಲ್ಲ ಬೂಷ್ಟು. "ಈ ಉಪ್ಪುಗಾಳಿಗೆ ದ್ರಾಕ್ಷಿಯಾ? ನಿಮಗೆ ಎಂತ ಮರುಳಾ?" ಎಂದವರು ತಾವು. ಎಂದ ಮೇಲೆ ಅದಕ್ಕೆ ಮಲ್ಲಿಗೆಗಿಂತ ಮೊದಲು ನೀರು ಹಾಕಿದವರೂ ತಾವೇ. ಮಗಳು ಎವ್ಲಿನ್‌ಳ ಮದುವೆಯ ವರ್ಷವೇ ಬಳ್ಳಿ ಮೈತುಂಬ ಕಾಯಿ ಬಿಟ್ಟಿತು. ಮದುವೆಯ ಟೋಸ್ಟಿಗೆ (ವಧೂವರರಿಗೆ ಶುಭ ಕೋರಿ ಎತ್ತುವ ಗ್ಲಾಸಿಗೆ) ಮನೆಯ ದ್ರಾಕ್ಷಿಯದೇ ವೈನ್ ಎಂದು ಅರ್ಜಿದಾರ ಊರೆಲ್ಲ ಹೇಳಿಕೊಂಡು ತಿರುಗಿದ.

೩. ಫೆಬ್ರವರಿಯಲ್ಲಿ ಬ್ಯಾಂಡಿನವರನ್ನು ಗೊತ್ತು ಮಾಡಲು ಅರ್ಜಿದಾರ ಕಾರ್ಕಳಕ್ಕೆ ಹೋಗಿ ಸಂಜೆ ಮರಳಿದಾಗ ಚಪ್ಪರ ಬೋಳಾಗಿತ್ತು. ಗೊಂಚಲುಗಳೆಲ್ಲ ಮಲ್ಲಿಗೆಯ ಬುಟ್ಟಿಯಲ್ಲಿ, ಒದ್ದೆ ಬಟ್ಟೆಯ ಕೆಳಗೆ, ಹಸಿರಾಗಿ, ಗಟ್ಟಿಯಾಗಿ ಮಲಗಿದ್ದವು.

"ಎರಡು ಕಾಯಿ ಮೆತ್ತಗಾಗಿತ್ತು, ನನಗೆ ಎದೆ ಧಸಕ್ ಎಂದಿತು," ಎಂದಿರಿ. "ಎಲ್ಲ ಕೊಯ್ದುಬಿಟ್ಟೆ. ನೋಡಿ, ಒಂದೂ ಬಿರಿಯಲಿಲ್ಲ!"

ಬಿರಿದ ಮಲ್ಲಿಗೆಯನ್ನು ಅಂಗಡಿಯವರು ಮುಟ್ಟುವುದಿಲ್ಲ. ತಮ್ಮ ತಾಯಿ, ಅಜ್ಜಿ ಎಲ್ಲರೂ ಬೆಳಕು ಹರಿಯುವಾಗ ಬಿರಿಯದ ಮೊಗ್ಗು ಕೊಯ್ದೇ ಸಂಸಾರ ನಡೆಸಿದವರು. ಆ ಕೈಗೆ ದ್ರಾಕ್ಷಿಯ ಕಾನೂನು ಬೇರೆ ಎಂದು ಯಾರೂ ಹೇಳಿರಲಿಲ್ಲ. ತಾವು ಬುಟ್ಟಿ ಹಿಡಿದು ನಿಂತ ಚಂದಕ್ಕೆ ಅರ್ಜಿದಾರನಿಗೂ ಹೇಳಲು ಬಾಯಿ ಬರಲಿಲ್ಲ.

೪. ಆದ್ದರಿಂದ ಆ ಕಾಯಿಗಳೇ ಭರಣಿಗೆ ಬಿದ್ದವು. ಹಾಕಿದ ಸಕ್ಕರೆಯನ್ನೆಲ್ಲ ಹುದುಗಿನ ಈಸ್ಟ್ ತಿಂದು ಮುಗಿಸಿತು, ಉಳಿದದ್ದು ಹುಳಿ ಮಾತ್ರ. ಮದುವೆಯ ದಿನ ಎಲ್ಲರ ಬಾಯಿಗೂ ಕೇಕ್ ಬಿದ್ದ ಮೇಲೆ ಟೋಸ್ಟ್ ಎತ್ತಲಾಗಿ, ತಮ್ಮ ಅಣ್ಣ ಇಮ್ಯಾನುಯೆಲ್ ಮುಖ ಕಿವುಚಿ, "ಇದು ವೈನಾ ಬಾವ? ಉಪ್ಪಿನಕಾಯಿಗೆ ಹಾಕಬಹುದಲ್ವಾ ಮಾರಾಯ!" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಮರುದಿನ ಯಾರೋ ಪುಣ್ಯಾತ್ಮರು ದ್ರಾಕ್ಷಿ ಹಣ್ಣಾಗಬೇಕಿತ್ತೆಂದು ತಮಗೆ ತಿಳಿಸಿದರು. "ಆ ಬಳ್ಳಿ ಕಂಡರೆ ನನಗೆ ನಾಚಿಕೆ. ಕಡಿಯಿರಿ," ಎಂದಿರಿ. ಅರ್ಜಿದಾರ ಆಗುವುದಿಲ್ಲ ಎಂದ. ಅಂದಿನಿಂದ ತಮ್ಮ ಮಾತೆಲ್ಲ ಕೋಳಿಗಳ ಪಾಲು.

೫. ಈಗ ಹೊಸ ಸಾಕ್ಷ್ಯ ಸಿಕ್ಕಿದೆ. ಇಂದು ಮಧ್ಯಾಹ್ನ ತಾವು ಜಗಲಿಯಲ್ಲಿ ಕಾಣೆ ಮೀನಿನ ಫ್ರೈ ಇಟ್ಟು, "ಕೋಳಿಗಳೇ, ಊಟ ಆಗಿದೆ" ಎಂದು ಒಳಹೋದಿರಿ. ನೀರು ಇಟ್ಟಿರಲಿಲ್ಲ, ಕೇಳಲು ಧೈರ್ಯವಿರಲಿಲ್ಲ. ಆದಕಾರಣ ಅರ್ಜಿದಾರ ಉಳಿದ ವೈನನ್ನೇ ಬಗ್ಗಿಸಿಕೊಂಡ. ಮೀನಿನ ಎಣ್ಣೆ, ಮೆಣಸಿನ ಖಾರ, ಅದರ ಮೇಲೆ ಆ ಹುಳಿ. ಲಿಂಬೆ ಹಿಂಡಿದ ಹಾಗೆ ಬಾಯಿ ತೊಳೆದು ಮುಂದಿನ ತುತ್ತಿಗೆ ಜಾಗ ಮಾಡಿಕೊಟ್ಟಿತು. ಹಡಗಿನ ಸಾಹೇಬರು ಕಣ್ಣು ಮುಚ್ಚಿ ಕುಡಿಯುತ್ತಿದ್ದದ್ದು ಇದನ್ನೇ. ಪೂರ್ತಿ ಹಣ್ಣಾಗಲು ಬಿಟ್ಟಿದ್ದರೆ ನಮ್ಮ ಸೆಖೆಗೆ ಬರೇ ಸಪ್ಪೆ ಸಿಹಿಯಾಗುತ್ತಿತ್ತು. ಆದ್ದರಿಂದ ತಪ್ಪು ಕೇಕಿನದು. ತಮ್ಮ ಕೊಯ್ಲು ಸರಿಯಾಗಿಯೇ ಇತ್ತು.

ಮೇಲಿನ ಕಾರಣಗಳಿಂದ ಬಳ್ಳಿಯನ್ನು ಉಳಿಸಿ, ಮುಂದಿನ ವರ್ಷವೂ ತಾವೇ ಕೊಯ್ಯಬೇಕಾಗಿ ಪ್ರಾರ್ಥನೆ. ಕಡಿಯಲೇಬೇಕೆಂದರೆ ದೇಜಪ್ಪನಿಗೆ ಏಣಿ ಹಿಡಿಯಲು ಅರ್ಜಿದಾರ ಸಿದ್ಧ. ಬಳ್ಳಿ ಇಲ್ಲದೆ ಅವನು ಬದುಕಬಲ್ಲ. ತಮ್ಮ ದನಿ ಕೇಳದೆ ಅವನು ಹಡಗಿನಲ್ಲಿ ಕಳೆದ ವರ್ಷಗಳೇ ಸಾಕಾಗಿವೆ. ಮನೆಗೆ ಬಂದ ಮೇಲೂ ಹಾಗೆಯೇ ಎಂದರೆ ಬಹಳ ಕಷ್ಟ.

ತಮ್ಮ ವಿಶ್ವಾಸಿ, ಮಾತು ಬಿಟ್ಟ ಮೇಲೂ,
ಜೋಕಿಮ್

ಅಡಕಗಳು:
೧. ವೈನ್, ಒಂದು ಗ್ಲಾಸ್.
೨. ಕಾಣೆ ಫ್ರೈ, ಅರ್ಧ (ತಿನ್ನದೆ ಉಳಿಸಿದ್ದು).
೩. ಕೇಕ್: ಲಗತ್ತಿಸಿಲ್ಲ.

ವಿ.ಸೂ.: ಅಡಕ ೧ ಮತ್ತು ೨ನ್ನು ಒಟ್ಟಿಗೇ ಪರಿಶೀಲಿಸಿ, ಆದೇಶವನ್ನು ಈ ಸಲ ಕೋಳಿಗಳಿಗೆ ಹೇಳದೆ ನೇರವಾಗಿ ಅರ್ಜಿದಾರನಿಗೇ ಹೇಳಬೇಕಾಗಿ ಕೋರಿಕೆ. ಬೈಗುಳವಾದರೂ ಅಡ್ಡಿಯಿಲ್ಲ, ಕೊಂಕಣಿಯಲ್ಲೇ ಆಗಲಿ.